ಕೊಬ್ಬು ಹೆಪ್ಪುಗಟ್ಟುವವರೆಗೆ

ಕೆಂಡದ ಮೇಲಿನ ಮಾಂಸದ ಸುರುಳಿಯಿಂದ ತೊಟ್ಟಿಕ್ಕುತ್ತಿದ್ದ ಕೊಬ್ಬನ್ನು ಕಾಟಯ್ಯ ಸ್ಟೀಲ್ ತಟ್ಟೆಯಲ್ಲಿ ಹಿಡಿದ. ತಟ್ಟೆಯನ್ನು ನೆರಳಿಗಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಮೇಕೇದಾದ್ರೆ ಆರ್ತಿದ್ದಂಗೆ ಗಟ್ಟಿಯಾಗ್ತೈತೆ. ಹಂದೀದಾದ್ರೆ ಎಣ್ಣೆ ಇದ್ದಂಗೇ ಇರ್ತೈತೆ. ನೋಡಾಣ.”

ಇಲ್ಲಿ ಹಂದಿ ಸುಡುತ್ತಾರೆಂಬ ಸುದ್ದಿ ಹಟ್ಟಿಗೆ ಮುಟ್ಟಿ ಬಂದಿದ್ದ ಅವನನ್ನು ಚಂದ್ರಕ್ಕ ನೋಡಿದಳು. ಗಂಡನ ಅಣ್ಣ, ಹಟ್ಟಿಯ ಯಜಮಾನ, ನಲವತ್ತು ವರ್ಷ ಮರಿ ಕಡಿದ ಕೈ. ಆ ಕೈಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವಂತಿರಲಿಲ್ಲ.

ಹಿರಿಯೂರಿನಾಚೆ ಹೈವೇ ಅಗಲ ಮಾಡುವವರ ಕ್ಯಾಂಪಿನಲ್ಲಿ ಅವಳು ಎರಡು ವರ್ಷದಿಂದ ಅಡುಗೆಯವಳು. ಡಾಂಬರು ಯಂತ್ರಗಳ ಉಸ್ತುವಾರಿಗೆ ಥಾಯ್ಲೆಂಡಿನಿಂದ ಬಂದಿದ್ದವನು ಪ್ರಸಿತ್. ಏಪ್ರಿಲ್ ನಡುವೆ ಅವರ ಹೊಸ ವರ್ಷ. ಅವನ ತಾಯಿ ಆ ದಿನ ಕೊಚ್ಚಿದ ಮಾಂಸಕ್ಕೆ ಮಜ್ಜಿಗೆ ಹುಲ್ಲು, ಮೆಣಸಿನಕಾಯಿ, ನಿಂಬೆ ಎಲೆ ಅರೆದು ಹಾಕಿ, ಕರುಳಿಗೆ ತುಂಬಿ, ಹಾವಿನಂತೆ ಸುತ್ತಿ ಸುಡುತ್ತಿದ್ದಳಂತೆ. ಅದಿಲ್ಲದೆ ಅವನಿಗೆ ಒಂದು ಹೊಸ ವರ್ಷ ಕಳೆದಿತ್ತು. ಈ ಸಲ ತಾಯಿ ಲಕೋಟೆಯಲ್ಲಿ ಒಣಗಿದ ಎಲೆ ಕಳಿಸಿದ್ದಳು.

ಅದನ್ನು ಮಾಡುವುದು ಹಂದಿ ಮಾಂಸದಲ್ಲಿ.

“ನಮ್ ಹಟ್ಟೀಲಿ ಕೋಳಿನೂ ಹೊಸ್ಲು ದಾಟಂಗಿಲ್ಲ. ಹಂದಿ ಬಂದ್ರೆ ನಾನು ಸೌಟು ಕೆಳಗಿಟ್ಟು ಹೋಗ್ತೀನಿ ನೋಡಪ್ಪ,” ಎಂದಿದ್ದಳು ಚಂದ್ರಕ್ಕ.

ಒಂದು ದಿನವೆಲ್ಲ ಯೋಚಿಸಿ ಪ್ರಸಿತ್ ಹೇಳಿದ್ದ: “ಹಂದಿ ಬ್ಯಾಡ ಅಕ್ಕ. ಮೇಕೆ.”

ಕರುಳನ್ನು ಹಟ್ಟಿಯಿಂದ ಅವಳೇ ತಂದು, ಕಡ್ಡಿಯಿಂದ ಒಳಮೈ ಹೊರಗೆ ತಿರುಗಿಸಿ, ಉಪ್ಪು ಅರಿಶಿನ ಹಾಕಿ ತಿಕ್ಕಿದ್ದಳು. ಆದರೆ ಮಾಂಸ ತಂದವನು ಅವನು. ಚಿತ್ರದುರ್ಗದಿಂದ, ಕೊಚ್ಚಿಸಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ. ಮಸಾಲೆ ಬಿದ್ದ ಮೇಲೆ ಅದರ ಮೂಲ ಯಾರಿಗೆ ಗೊತ್ತು? ಅವಳು ಕೇಳಲೂ ಇಲ್ಲ, ಕೈ ಹಾಕಿ ತುಂಬಿದ್ದಳು.

“ಒಳಗಿನ ಮಾಂಸ ನೀನು ಕಂಡ್ಯಾ?” ಕಾಟಯ್ಯ ಕೇಳಿದ.

“ಕರ್ಳು ನಮ್ದೇ ಭಾವಾ, ನಾನೇ ತೊಳ್ದಿದ್ದು.”

“ಕರ್ಳು ಯಾವನು ಕೇಳ್ದ? ಮಾಂಸ?”

“ಕಣ್ಣಾರೆ ಕಂಡೀನಿ. ಮೇಕೇದೇ.”

ಸುಳ್ಳು ಬಾಯಿಂದ ಆಚೆ ಬಿದ್ದಿತು. ನಾಡಿದ್ದು ಮಗಳು ಹೇಮಾವತಿಯ ವೀಳ್ಯಶಾಸ್ತ್ರ. ತಾಯಿ ಹಂದಿಯಲ್ಲಿ ಕೈ ಆಡಿಸಿದಳೆಂದು ರುಜುವಾತಾದರೆ, ಭರಮಸಾಗರದ ಗಂಡಿನವರಿಗೆ ಬರಬೇಡಿರೆಂದು ಹೇಳಿ ಕಳಿಸಬೇಕಾದವನು ಈ ಕಾಟಯ್ಯನೇ.

ಪ್ರಸಿತ್ ಜಾಲಿಮುಳ್ಳಿನಿಂದ ಸುರುಳಿಯನ್ನು ಚುಚ್ಚುತ್ತ ನಕ್ಕ. “ಅಜ್ಜ, ಊಟ?”

“ಹಲ್ ಬಿಡಬ್ಯಾಡ ಮಾರಾಯ. ನಿನಗೆ ಹಬ್ಬ, ನಮ್ ಹುಡ್ಗಿ ಬಾಳು ಈ ತಟ್ಟೇಲೈತೆ.”

ಚಂದ್ರಕ್ಕನಿಗೆ ಹೋದ ವರ್ಷದ್ದು ನೆನಪಾಯಿತು. ಬೆಂಗಳೂರಿನಿಂದ ಹಂದಿ ಮಾಂಸ ತಂದು, ಇವನು ಶೆಡ್ಡಿನಾಚೆ ಒಬ್ಬನೇ ಕುಳಿತು ಕಣ್ಣು ಮುಚ್ಚಿ ತಿಂದಿದ್ದ. ಅಷ್ಟು ಆಸೆಯಿದ್ದವನು ಮಾತು ಉಳಿಸಿಕೊಂಡಾನೆ?

ಕಾಟಯ್ಯ ತಟ್ಟೆ ವಾಲಿಸಿದ. ಕೊಬ್ಬು ಸರ್ರನೆ ಹರಿಯಿತು.

“ಬಿಸ್ಲು ಭಾವಾ. ಸ್ವಲ್ಪ ತಡೀರಿ.”

ತಟ್ಟೆ ನೀರಿನ ಗಡಿಗೆಯ ಪಕ್ಕ, ಒದ್ದೆ ಗೋಣಿಚೀಲದ ಮೇಲೆ ಹೋಯಿತು. ಲಾರಿಗಳು ಹೋದವು. ಮತ್ತೆ ವಾಲಿಸಿದ. ಮತ್ತೆ ಹರಿಯಿತು. ಕಾಟಯ್ಯ ಅವಳ ಮುಖ ನೋಡಿದ. ಅವಳು ತಟ್ಟೆಯನ್ನೇ ನೋಡಿದಳು. ಅಂಚಿನಲ್ಲೊಂದು ಬಿಳಿ ಎಳೆ. ಅದು ನಿಜವೋ, ಸ್ಟೀಲಿನ ಹೊಳಪೋ? ಎಳೆ ದಪ್ಪಗಾಯಿತು, ಒಳಕ್ಕೆ ತೆವಳಿತು, ಮೇಲೆಲ್ಲ ಕೆನೆಗಟ್ಟಿತು.

ಮೂರನೇ ಸಲ ವಾಲಿಸಿದಾಗ ಏನೂ ಅಲುಗಲಿಲ್ಲ. ಉಗುರಿನಿಂದ ಕೆರೆದರೆ ಮೇಣದ ಹಾಗೆ ಎದ್ದು ಬಂತು.

“ಮೇಕೇದೇ,” ಎಂದು ಕಾಟಯ್ಯ ಟವೆಲ್ ಕೊಡವಿ ಎದ್ದ. “ನಾಡಿದ್ದು ಬೆಳಗ್ಗೇನೇ ಬರ್ತೀನಿ. ಎಲೆ ಅಡಿಕೆ ತೆಗ್ದಿಡು.”

ಅವನು ರಸ್ತೆ ದಾಟುವವರೆಗೂ ನಿಂತಿದ್ದ ಚಂದ್ರಕ್ಕ ಆಮೇಲೆ ತಿರುಗಿದಳು. ಒಲೆಯ ಬಳಿ ಬಂದು ಕುಳಿತಳು.

ಪ್ರಸಿತ್ ಮೊದಲ ತುಂಡು ಕತ್ತರಿಸಿ, ಚೆನ್ನಾಗಿ ಊದಿ ಆರಿಸಿ ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ನಾಲಿಗೆಯಿಂದ ಅಂಗುಳವನ್ನು ಒತ್ತಿ ಒತ್ತಿ ನೋಡಿದ. ತಟ್ಟೆಯಲ್ಲಿ ಅವಳನ್ನು ಉಳಿಸಿದ ಬಿಳಿ ಕೊಬ್ಬೇ ಅವನ ಬಾಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

“ಚೆನ್ನಾಗೈತೆ ಅಕ್ಕ.”

ಹೋದ ವರ್ಷ ಕಣ್ಣು ಮುಚ್ಚಿ ತಿಂದ ಮುಖ ಇದಲ್ಲ. ಮೇಕೆಯಾದರೆ ಆ ರುಚಿ ಬಾರದೆಂದು ತಿಳಿದೇ, ಅವಳ ಮಾತಿಗಾಗಿ ಅದನ್ನೇ ತಂದಿದ್ದ. ಅವನ ಕೈಯಿಂದ ಚಾಕು ಕಿತ್ತುಕೊಂಡು, ಕೆಂಡ ಊದಿದಳು.

“ಆರಿದ್ರೆ ಹಿಡ್ಕಂತೈತೆ ಕಣಪ್ಪ. ಕುಂತ್ಕ. ಸುಡುಸುಡೋದು ಕೊಡ್ತೀನಿ, ಬಾಯಿ ಸುಟ್ರೂ ಸರಿ, ತಿನ್ನು.”

ಕೆಂಡದಿಂದ ನೇರ ಅವನ ತಟ್ಟೆಗೆ, ಒಂದೊಂದೇ ತುಂಡು, ಸುರುಳಿ ಮುಗಿಯುವವರೆಗೂ ಹಾಕುತ್ತಲೇ ಇದ್ದಳು.