ತಲೆಯ ಮೇಲಿನ ಕಮಾನು

ಸಾಂಬ್ರಾಣಿಯ ಚನಬಸಪ್ಪನ ಮನೆಯಲ್ಲಿ ಆ ವರ್ಷ ಒಂದೇ ಸೂರಿನಡಿ ಇದ್ದೂ ಇಬ್ಬರು ಮಾತು ಬಿಟ್ಟಿದ್ದರು. ಒಬ್ಬ ಚನಬಸಪ್ಪ, ಇನ್ನೊಬ್ಬಳು ಅವನ ಬೆನ್ನಿಗೆ ಬಿದ್ದ ತಂಗಿ ಮಾಲವ್ವ. ನಿಜ ಹೇಳಬೇಕೆಂದರೆ ಮಾತು ಬಿಟ್ಟವಳು ಅವಳೊಬ್ಬಳೇ. ಅವನು ಒಳಗೆ ಬಂದರೆ ಅವಳು ಹಿತ್ತಲಿಗೆ ಹೋಗುವಳು. ಅವನಿಗೆ ರೊಟ್ಟಿ ಹಾಕುವ ಸರದಿ ಬಂದರೆ ತಾಟನ್ನು ನೆಲಕ್ಕೆ ಕುಕ್ಕಿ, ಗೋಡೆಗೆ ಹೇಳುವಂತೆ, ‘ಉಣ್ಣಾವ್ರು ಉಣ್ಣಲಿ’ ಅನ್ನುವಳು. ಚನಬಸಪ್ಪನ ಹೆಂಡತಿ ಗುರುಬಸವ್ವ ಇಬ್ಬರ ನಡುವೆ ಓಡಾಡಿ ಓಡಾಡಿ ಸೋತಿದ್ದಳು.

ಚನಬಸಪ್ಪ ಹಳಿಯಾಳದ ಗುತ್ತಿಗೆದಾರ ಶಿವಲಿಂಗಪ್ಪನ ಲಾರಿ ಓಡಿಸುತ್ತಿದ್ದ. ಜೋಯಿಡಾದ ಕಾಡಿನಲ್ಲಿ ಕಡಿದ ಬಿದಿರನ್ನು ದಾಂಡೇಲಿಯ ಕಾಗದ ಕಾರ್ಖಾನೆಗೆ ತಂದು ಹಾಕುವುದು ಅವನ ಕೆಲಸ. ಮಾಲವ್ವನ ಗಂಡ ಈಶಪ್ಪ ಮುಂಡಗೋಡ ಕಡೆಯ ಸನವಳ್ಳಿಯವನು. ಹೊಲದ ಕೆಲಸ ಬಿಟ್ಟು ಬಾ, ಲೋಡು ಕಟ್ಟಿಸುವ ಕೆಲಸ ಕೊಡಿಸುತ್ತೇನೆ ಎಂದು ಗಂಡಹೆಂಡಿರನ್ನು ತನ್ನ ಮನೆಗೆ ಕರೆತಂದವನು ಚನಬಸಪ್ಪನೇ. ಅದರ ಹಿಂದಿನ ವರ್ಷ ಮಳೆ ನಿಂತ ಹೊಸತರಲ್ಲಿ, ಇಳಿಜಾರಿನ ತಿರುವೊಂದರಲ್ಲಿ ರಸ್ತೆಯ ಅಂಚು ಕುಸಿದು ಲಾರಿ ಪಲ್ಟಿ ಹೊಡೆಯಿತು. ಆಗಿನ ಲಾರಿಗಳ ಕ್ಯಾಬಿನ್ನು ಬಡಿಗರು ಕಟ್ಟಿದ್ದು. ಮರದ ಚೌಕಟ್ಟು, ಅದರ ಮೇಲೆ ತಗಡು. ಚಕ್ರ ಮೇಲಾಗಿ ಬಿದ್ದಾಗ ಅಷ್ಟೂ ಭಾರ ಆ ತಗಡಿನ ಮೇಲೆ ಬಂತು. ಸ್ಟೇರಿಂಗನ್ನು ತಬ್ಬಿ ಬಾಗಿದ್ದ ಚನಬಸಪ್ಪ ಪಕ್ಕೆಲುಬು ಮುರಿದುಕೊಂಡು ಬದುಕಿದ. ಪಕ್ಕದಲ್ಲಿ ಕೂತಿದ್ದ ಈಶಪ್ಪನ ತಲೆ ಮೊದಲು ತಗಡಿನ ಮಾಡಿಗೆ ಬಡಿಯಿತು, ಆಮೇಲೆ ಮಾಡೇ ಅವನ ತಲೆಯ ಮೇಲೆ ಕೂತಿತು. ಧಾರವಾಡದ ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಾಡಿದ. ಬಾಯಿಗೆ ನೀರು ಬಿಡುತ್ತಿದ್ದ ಹೆಂಡತಿಯನ್ನು ‘ಅವ್ವಾ’ ಎಂದು ಕರೆದ. ಅವಳ ಗುರುತು ಹತ್ತದೆಯೇ ಸತ್ತ.

ಅದೇ ಗುತ್ತಿಗೆದಾರನ ಇನ್ನೊಂದು ಲಾರಿ ಓಡಿಸುತ್ತಿದ್ದ ಉಳವಪ್ಪನಿಗೂ ಚನಬಸಪ್ಪನಿಗೂ ಮೊದಲಿನಿಂದಲೂ ಆಗುತ್ತಿರಲಿಲ್ಲ. ಚನಬಸ್ಯಾ ನಿದ್ದೆ ಹೊಡೆಯುತ್ತಿದ್ದ, ಅದಕ್ಕೇ ಲಾರಿ ಬಿತ್ತು ಎಂದು ಉಳವಪ್ಪ ಚಹಾದ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದ. ಪೊಲೀಸರು ಕುಸಿದ ಅಂಚನ್ನು ನೋಡಿ ಕೈ ತೊಳೆದುಕೊಂಡರು. ಮಾಲವ್ವ ಮಾತ್ರ ಉಳವಪ್ಪನ ಮಾತನ್ನು ಎದೆಯಲ್ಲಿ ಇಟ್ಟುಕೊಂಡಳು.

ಪಕ್ಕೆಲುಬು ಕೂಡಿಕೊಂಡ ಮೇಲೆ ಚನಬಸಪ್ಪ ಒಂದು ದಿನ ಶಿವಲಿಂಗಪ್ಪನ ಅಂಗಳಕ್ಕೆ ಹೋಗಿ, ಎಳೆದು ತಂದು ಹಾಕಿದ್ದ ಲಾರಿಯನ್ನು ನೋಡಿದ. ಸೀಟು ನೆಟ್ಟಗಿತ್ತು. ಸ್ಟೇರಿಂಗು ನೆಟ್ಟಗಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಎಲ್ಲವೂ ಉಳಿದಿತ್ತು, ತಲೆಗೆ ಮಾತ್ರ ಜಾಗ ಉಳಿದಿರಲಿಲ್ಲ. ಅವನು ಚಪ್ಪಟೆಯಾದ ತಗಡನ್ನು ಕೈಯಿಂದ ಒತ್ತಿ ನೋಡಿದ. ಸಿಟ್ಟು ಬಂತು. ಯಾರ ಮೇಲೆ ಅಂತ ಮೊದಲಿಗೆ ತಿಳಿಯಲಿಲ್ಲ. ಆಮೇಲೆ ಆ ತೆಳು ತಗಡಿನ ಮೇಲೆ, ಅದನ್ನು ಬಡಿದವರ ಮೇಲೆ, ಅದರೊಳಗೆ ಮೈಮರೆತು ಕೂರುತ್ತಿದ್ದ ತನ್ನ ಮೇಲೂ ಬಂತು.

ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದೆ ಬೆಸುಗೆ ಕೆಲಸ ಮಾಡುವ ದಾವಲಸಾಬನ ಹತ್ತಿರ ಹೋಗಿ, ನೀರಿನ ದಪ್ಪ ಪೈಪನ್ನು ಕಮಾನಿನಂತೆ ಬಗ್ಗಿಸಿ ಕೊಡುತ್ತೀಯಾ ಎಂದು ಕೇಳಿದ. ಸೀಟಿನ ಹಿಂದೊಂದು ಕಮಾನು, ಗಾಜಿನ ಹತ್ತಿರ ಒಂದು, ಎರಡನ್ನೂ ಕೂಡಿಸುವ ಪೈಪುಗಳು, ಬುಡವನ್ನು ಲಾರಿಯ ತಳದ ಚಾಸಿಗೇ ಬಿಗಿಯುವುದು. ಮಾಡು ಕುಸಿದರೆ ಕುಸಿಯಲಿ, ಕಮಾನಿನ ಒಳಗಿನ ಜಾಗ ಉಳಿಯಬೇಕು. ದಾವಲಸಾಬ ಗಡ್ಡ ಕೆರೆದುಕೊಂಡು ಒಂದೇ ಪ್ರಶ್ನೆ ಕೇಳಿದ.

“ತಲಿ ಹೋಗಿ ಇದ್ಕ ಬಡದ್ರ? ತಗಡಿಗಿಂತ ಕಬ್ಬಣ ಚೊಲೋ ಏನು?”

ಆ ಮಾತಿಗೆ ಉತ್ತರ ಹುಡುಕಲು ಇಬ್ಬರೂ ಹಲವು ದಿನ ಜಗಳಾಡಿದರು. ಕೊನೆಗೆ ಪೈಪಿಗೆ ದಪ್ಪಗೆ ಮೆತ್ತೆ ಸುತ್ತುವುದು, ಕೂತವನ ಸೊಂಟವನ್ನು ಸೀಟಿಗೆ ಚರ್ಮದ ಪಟ್ಟಿಯಿಂದ ಬಿಗಿಯುವುದು ಎಂದು ಠರಾಯಿಸಿದರು.

ಶಿವಲಿಂಗಪ್ಪನಿಗೆ ಇದು ಬೇಕಿರಲಿಲ್ಲ. ಲಾರಿ ಬೀಳುತ್ತದೆ ಎಂದು ಮೊದಲೇ ಅಪಶಕುನ ನುಡಿಯುವ ಡ್ರೈವರನನ್ನು ತಾನು ಕಂಡಿಲ್ಲ ಎಂದು ಬಯ್ದ. ಆದರೆ ಆ ರಸ್ತೆಗೆ ಪಳಗಿದ ಡ್ರೈವರರು ಸಿಗುವುದು ಕಷ್ಟವಿತ್ತು, ಕಮಾನಿಲ್ಲದೆ ಸ್ಟೇರಿಂಗು ಮುಟ್ಟುವುದಿಲ್ಲ ಎಂದು ಚನಬಸಪ್ಪ ಕೂತುಬಿಟ್ಟಿದ್ದ. ಶಿವಲಿಂಗಪ್ಪ ಹಲ್ಲು ಕಚ್ಚಿಕೊಂಡು ಒಪ್ಪಿದ.

ಮೆತ್ತೆಗೆ ಹಳೆಯ ಬಟ್ಟೆ ಬೇಕಾಯಿತು. ಗುರುಬಸವ್ವ ಟ್ರಂಕಿನಿಂದ ಒಂದು ಹರಿದ ಕೌದಿ ತೆಗೆದುಕೊಟ್ಟಳು. ಚನಬಸಪ್ಪ ಅದನ್ನು ಕಟ್ಟೆಯ ಮೇಲೆ ಹರವಿ ಕತ್ತರಿ ಹಚ್ಚುವಷ್ಟರಲ್ಲಿ ಮಾಲವ್ವ ನೀರಿನ ಕೊಡ ಹೊತ್ತು ಬಂದಳು. ಕೊಡ ಇಳಿಸಲಿಲ್ಲ, ಕೈಬಿಟ್ಟಳು. ಅದು ಲಗ್ನದ ವರ್ಷ ಗಂಡನಿಗಾಗಿ ಅವಳೇ ಹೊಲಿದ ಕೌದಿ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಎಷ್ಟೋ ತಿಂಗಳ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಇದು.

“ಅವರ ತಲಿ ಒಡದಿ. ಈಗ ಅವರ ಹಾಸಿಗಿ ಕತ್ತರಿಸಿ ನಿನ್ನ ತಲಿ ಉಳಿಸ್ಕೋತಿ ಏನು?”

“ನನ್ನ ಒಬ್ಬನ ತಲಿ ಅಲ್ಲ ಮಾಲವ್ವಾ. ಬಾಜೂಕ ಕೂಡವ್ರದೂ ಐತಿ.”

“ಬಾಜೂಕ ಯಾರ್ ಕೂಡ್ತಾರ ಇನ್ನ ನಿನ್ನ ಹತ್ರ?”

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿಳಿಯದೆ ಕೊಟ್ಟೆ ಎಂದು ಗುರುಬಸವ್ವ ಬಾಗಿಲ ಹೊರಗೆ ಕೂತು ಅತ್ತಳು. ಚನಬಸಪ್ಪ ಗೋಣಿಚೀಲ, ತೆಂಗಿನ ನಾರು ತಂದು ಪೈಪಿಗೆ ಸುತ್ತಿ ಹುರಿಯಿಂದ ಬಿಗಿದ.

ಹೊಸ ಕ್ಯಾಬಿನ್ನಿನ ಲಾರಿ ದಾಂಡೇಲಿಗೆ ಹೋದ ದಿನ ಕಾರ್ಖಾನೆಯ ಗೇಟಿನಲ್ಲಿ ಸಾಲು ನಿಂತಿದ್ದ ಡ್ರೈವರರೆಲ್ಲ ಇಳಿದು ಬಂದರು. ಒಬ್ಬ ಹುಲಿಬೋನು ಎಂದ. ಇನ್ನೊಬ್ಬ, ಹೆಣ ಕೂಡಿಸಿ ಮಣ್ಣಿಗೆ ಹೊತ್ತೊಯ್ಯುವ ವಿಮಾನ ಇದ್ದಂಗ ಐತಿ ಎಂದ. ಉಳವಪ್ಪ ಕಿಡಕಿಯೊಳಗೆ ಕೈ ಹಾಕಿ ಸೊಂಟದ ಪಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ನಿದ್ದೆಯಲ್ಲಿ ಉರುಳಬಾರದು ಅಂತ ತನ್ನನ್ನು ತಾನೇ ಕಟ್ಟಿಕೊಳ್ಳುವ ಎತ್ತು ಇದೊಂದೇ ಎಂದ. ಚನಬಸಪ್ಪ ಇಳಿದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಬಿಡಿಸಲು ನಾಲ್ಕು ಜನ ಬೇಕಾಯಿತು.

ಆ ಸುಗ್ಗಿಯಲ್ಲಿಯೇ ಶಿವಲಿಂಗಪ್ಪನ ತಾಳ್ಮೆ ಮುಗಿಯಿತು. ಉಳಿದ ಲಾರಿಗಳಲ್ಲಿ ಬಿದಿರಿನ ಹೊರೆಯನ್ನು ಕ್ಯಾಬಿನ್ನಿನ ಮೇಲೂ ಚಾಚಿ ಹೇರುತ್ತಿದ್ದರು. ಚನಬಸಪ್ಪ ಹೇರಿಸಲು ಬಿಡಲಿಲ್ಲ. ಎತ್ತರ ಹೇರಿದಷ್ಟೂ ಲಾರಿ ವಾಲುತ್ತದೆ, ಕಮಾನು ಇದೆಯೆಂದು ಬೀಳಲು ಹೋಗಬೇಕೇನು ಎಂದು ವಾದಿಸಿದ. ಕೂಲಿಗಳ ಮುಂದೆ ಎದುರುತ್ತರ ಕೊಟ್ಟನೆಂದು ಶಿವಲಿಂಗಪ್ಪ ಅವನನ್ನು ಅಲ್ಲಿಯೇ ಕೆಲಸದಿಂದ ತೆಗೆದು, ಲಾರಿಯ ಕೀಲಿಯನ್ನು ಉಳವಪ್ಪನ ಕೈಗೆ ಎಸೆದ. ಆ ದರಿದ್ರ ಪೈಪು ಕೊಯ್ಸಿ ಹಾಕು ಎಂದೂ ಹೇಳಿದ. ಉಳವಪ್ಪ ಕೊಯ್ಸಲಿಲ್ಲ. ಕೇಳಿದವರಿಗೆ, ಒದ್ದೆ ಧೋತ್ರ ಒಣಗಿಸಲು ಒಂದು ಗಳ ಬೇಕಾಗಿತ್ತು, ಚನಬಸ್ಯಾ ಮಾಡಿಟ್ಟು ಹೋಗ್ಯಾನ ಎಂದು ನಗುತ್ತಿದ್ದ.

ಚನಬಸಪ್ಪನಿಗೆ ದಾಂಡೇಲಿಯ ಇನ್ನೊಬ್ಬ ಗುತ್ತಿಗೆದಾರನಲ್ಲಿ ಕೆಲಸ ಸಿಕ್ಕಿತು. ರಸ್ತೆ ಅದೇ, ಬಿದಿರು ಅದೇ. ತಾನು ಕಟ್ಟಿಸಿದ ಕ್ಯಾಬಿನ್ನಿನಲ್ಲಿ ಉಳವಪ್ಪ ಕೂತು ಹೋಗುವುದನ್ನು ದಿನವೂ ನೋಡಬೇಕಾಯಿತು. ಎದುರಾದಾಗಲೆಲ್ಲ ಉಳವಪ್ಪ ಹಾರ್ನು ಹೊಡೆಯುತ್ತಿದ್ದ. ಚನಬಸಪ್ಪ ಹೊರಗೆ ಉಗುಳುತ್ತಿದ್ದ.

ಒಂದು ಮಧ್ಯಾಹ್ನ ಜೋಯಿಡಾದಿಂದ ಇಳಿಯುವಾಗ ಉಳವಪ್ಪನ ಲಾರಿ ಮುಂದಿತ್ತು, ಚನಬಸಪ್ಪನದು ಹಿಂದೆ. ಕೆಂಧೂಳು ತಿನ್ನುತ್ತ ಬಯ್ಯುತ್ತ ಬರುತ್ತಿದ್ದ. ಮುಂದಿನ ಲಾರಿಯ ಹೊರೆ ಕ್ಯಾಬಿನ್ನಿನ ಮೇಲಕ್ಕೂ ಚಾಚಿಕೊಂಡು ತೂಗುತ್ತಿತ್ತು. ಸಣ್ಣ ಸೇತುವೆಯೊಂದರ ತಿರುವಿನಲ್ಲಿ ಎದುರಿಗೆ ಬಂದ ಎತ್ತಿನ ಚಕ್ಕಡಿಯನ್ನು ತಪ್ಪಿಸಲು ಉಳವಪ್ಪ ಎಡಕ್ಕೆ ಎಳೆದ. ಎಡಗಡೆಯ ಗಾಲಿ ರಸ್ತೆಯ ಅಂಚು ಬಿಟ್ಟಿತು. ಹೊರೆ ನಿಧಾನವಾಗಿ, ಯೋಚಿಸಿ ಮಾಡಿದ ಹಾಗೆ, ಆ ಕಡೆಗೆ ವಾಲಿತು. ಆಮೇಲೆ ಯಾವುದೂ ನಿಧಾನವಿರಲಿಲ್ಲ. ಲಾರಿ ಇಳಿಜಾರಿನಲ್ಲಿ ಒಮ್ಮೆ ಪೂರ್ತಿ ಉರುಳಿ, ಮತ್ತೆ ಅರ್ಧ ಹೊರಳಿ, ಚಕ್ರ ಮೇಲಾಗಿ ನಿಂತಿತು. ಮುರಿದ ಬಿದಿರಿನ ಸಪ್ಪಳ ಎಷ್ಟೋ ಹೊತ್ತು ಕಾಡಿನಲ್ಲಿ ಕೇಳಿಸಿತು.

ಚನಬಸಪ್ಪ ಬ್ರೇಕು ಒತ್ತಿ, ಸೀಟಿನ ಕೆಳಗಿದ್ದ ಕುಡುಗೋಲು ಹಿಡಿದು ಇಳಿದು ಓಡಿದ. ಓಡುವಾಗ ಕಣ್ಣ ಮುಂದೆ ಇದ್ದದ್ದು ಈಶಪ್ಪ. ಕ್ಯಾಬಿನ್ನಿನ ತಗಡು ರೊಟ್ಟಿಯಂತೆ ಚಪ್ಪಟೆಯಾಗಿತ್ತು, ಮರವೆಲ್ಲ ಸೀಳಿತ್ತು. ಆದರೆ ಎರಡು ಕಮಾನುಗಳ ನಡುವೆ, ಒಬ್ಬ ಮನುಷ್ಯನಿಗೆ ಸಾಲುವಷ್ಟು ಜಾಗ ಹಾಗೇ ಉಳಿದಿತ್ತು. ಮುಂದಿನ ಕಮಾನು ಒಂದು ಕಡೆ ಸೊಟ್ಟಗಾಗಿತ್ತು, ಮುರಿದಿರಲಿಲ್ಲ.

ಆ ಜಾಗದಲ್ಲಿ ಉಳವಪ್ಪ ತಲೆಕೆಳಗಾಗಿ ತೂಗುತ್ತಿದ್ದ. ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದಿತ್ತು.

ಉಳವಪ್ಪನ ಮುಖಕ್ಕೆ ರಕ್ತವೆಲ್ಲ ಇಳಿದು ಕಪ್ಪಾಗಿತ್ತು. ಎಡಭುಜ ಜೋತುಬಿದ್ದಿತ್ತು.

“ಪಟ್ಟಿ ಕೊಯ್ಯಿ,” ಎಂದ ಉಳವಪ್ಪ.

ಡೀಸೆಲ್ ತೊಟ್ಟಿಕ್ಕುವ ಸಪ್ಪಳ ಕೇಳುತ್ತಿತ್ತು. ಚನಬಸಪ್ಪ ಕುಡುಗೋಲನ್ನು ಪಟ್ಟಿಗೆ ಹಚ್ಚಿದ, ಎಳೆಯಲಿಲ್ಲ.

“ನಾ ಅವತ್ತ ನಿದ್ದಿ ಮಾಡಿದ್ನ್ಯಾ?”

“ಕೊಯ್ಯಲೇ ಮೊದ್ಲ.”

“ನಿದ್ದಿ ಮಾಡಿದ್ನ್ಯಾ?”

“ನಾ ಎಲ್ಲೆ ನೋಡೇನಿ? ನಾ ಹಿಂದಿನ ಊರಾಗ ಚಾ ಕುಡೀತಿದ್ದೆ.”

“ನೋಡದ ಹೇಳಿದಿ?”

“ಹೇಳಿದೆ. ಏನ್ ಮಾಡ್ತಿ ಈಗ?”

ಏನು ಮಾಡಬೇಕೆಂದು ಚನಬಸಪ್ಪನಿಗೂ ತಿಳಿದಿರಲಿಲ್ಲ. ಹಾಗೇ ಬಿಟ್ಟು ಹೋಗಲು ಮನಸ್ಸು ಹೇಳಿತು, ಅದು ಸುಳ್ಳಲ್ಲ. ಆದರೂ ತಗಡಿಗೆ ಕಾಲು ಕೊಟ್ಟು ಒರಗಿ, ಎಡಗೈಯಿಂದ ಅವನ ಕುತ್ತಿಗೆ ಆನಿಸಿ ಹಿಡಿದು, ಬಲಗೈಯಿಂದ ಪಟ್ಟಿಯನ್ನು ಕೊಯ್ದ. ಉಳವಪ್ಪ ಅವನ ಮೈಮೇಲೆ ಬಿದ್ದು ನೋವಿನಿಂದ ಚೀರಿದ. ಚನಬಸಪ್ಪನ ಲಾರಿಯ ಕೂಲಿಗಳು ಮೇಲಿನ ರಸ್ತೆಯಿಂದ ಇಳಿದು ಬರುವ ಸಪ್ಪಳ ಕೇಳಿದ್ದೇ, ಉಳವಪ್ಪ ಅವನ ಅಂಗಿ ಹಿಡಿದು, ತಾನು ಪಟ್ಟಿ ಕಟ್ಟಿಕೊಂಡಿದ್ದೆನೆಂದು ಯಾರ ಮುಂದೆಯೂ ಹೇಳಬಾರದು ಎಂದ. ಬದುಕಿಸಿದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಚನಬಸಪ್ಪ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದನೋ ಏನೋ. ಆದರೆ ಶಿವಲಿಂಗಪ್ಪ ಲಾರಿ ನೋಡಲು ಬಂದು, ಕಬ್ಬಿಣದ ಭಾರ ತಲೆಯ ಮೇಲೆ ಹೇರಿದ್ದರಿಂದಲೇ ಲಾರಿ ಬಿದ್ದದ್ದು ಎಂದು ಎಲ್ಲರ ಮುಂದೆ ಹೇಳಿದ. ಕೆಲಸ ಹೋದೀತೆಂಬ ಅಂಜಿಕೆಗೆ ಉಳವಪ್ಪನೂ ಹೌದೆಂದ. ಪೊಲೀಸರ ಮುಂದೆ ಚನಬಸಪ್ಪನ ಹೆಸರು ಬಂತು. ಠಾಣೆಗೆ ಕರೆಸಿ, ಯಾರನ್ನು ಕೇಳಿ ಲಾರಿಗೆ ಪೈಪು ಹಾಕಿದಿ ಎಂದು ಅವನನ್ನು ಅರ್ಧ ದಿನ ನಿಲ್ಲಿಸಿದರು.

ಠಾಣೆಯಿಂದ ಅವನು ನೆಟ್ಟಗೆ ದಾಂಡೇಲಿಯ ಗೇಟಿನ ಎದುರಿನ ಚಹಾದಂಗಡಿಗೆ ಬಂದ. ಭುಜಕ್ಕೆ ಜೋಳಿಗೆಪಟ್ಟಿ ಕಟ್ಟಿಸಿಕೊಂಡ ಉಳವಪ್ಪ ಡ್ರೈವರರ ನಡುವೆ ಕೂತಿದ್ದ. ಚನಬಸಪ್ಪ ಯಾರಿಗೂ ಏನೂ ಹೇಳದೆ ಹೋಗಿ ಅವನ ಅಂಗಿಯನ್ನು ಎದೆಯವರೆಗೆ ಎತ್ತಿದ. ಹೊಟ್ಟೆಗೆ ಅಡ್ಡಲಾಗಿ, ಒಂದು ಕೈ ಅಗಲದ ಕಪ್ಪು ಬರೆ ಬಿದ್ದಿತ್ತು, ಬುಗುರಿಗೆ ಹುರಿ ಸುತ್ತಿದ ಹಾಗೆ.

“ನೋಡ್ರಿ,” ಎಂದ. “ನನ್ನ ಪಟ್ಟಿ ಕಟ್ಕೊಂಡು ಬದುಕಿದಾಂವ. ಈಗ ಅದ್ರಿಂದಾನ ಬಿದ್ದೆ ಅಂತಾನ.”

ಉಳವಪ್ಪ ಒಂದು ಕೈಯಿಂದ ಅಂಗಿ ಎಳೆದುಕೊಳ್ಳಲು ನೋಡಿದ, ಆಗಲಿಲ್ಲ. ಯಾರೂ ನಗಲಿಲ್ಲ. ಹುಲಿಬೋನು ಎಂದಿದ್ದವನು ಬಗ್ಗಿ ಆ ಬರೆಯನ್ನು ಹತ್ತಿರದಿಂದ ನೋಡಿ, ತನ್ನ ಚಹಾದ ಬಶಿಯನ್ನು ಕೆಳಗಿಟ್ಟು, ಪೈಪು ಎಷ್ಟು ದಪ್ಪ ಇತ್ತು ಎಂದು ಕೇಳಿದ. ದಾವಲಸಾಬನನ್ನು ಕೇಳು ಎಂದು ಹೇಳಿ ಚನಬಸಪ್ಪ ಹೊರಟುಬಂದ. ಆ ಬೇಸಿಗೆ ಮುಗಿಯುವುದರೊಳಗೆ ಆ ರಸ್ತೆಯ ಹಲವು ಲಾರಿಗಳಲ್ಲಿ ಕಮಾನುಗಳು ಎದ್ದವು. ಶಿವಲಿಂಗಪ್ಪನ ಲಾರಿಗಳಲ್ಲಿ ಮಾತ್ರ ಏಳಲಿಲ್ಲ. ಕಮಾನಿಲ್ಲದ ಲಾರಿ ಓಡಿಸಲಾರೆನೆಂದು ಉಳವಪ್ಪ ಅವನ ಕೆಲಸ ಬಿಟ್ಟನಂತೆ. ಹಾಗೆಂದು ಎಲ್ಲಿಯೂ ಚನಬಸಪ್ಪನ ಹೆಸರು ಎತ್ತಲಿಲ್ಲ.

ಮಾಲವ್ವನ ಕಿವಿಗೂ ಇದೆಲ್ಲ ಬಿತ್ತು. ಉಳವಪ್ಪ ನೋಡದೇ ಹೇಳಿದ್ದನೆಂಬ ಮಾತನ್ನು ಗುರುಬಸವ್ವ ಅವಳಿಗೆ ಎರಡೆರಡು ಸಲ ಹೇಳಿದಳು. ಮಾಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಕೇಳಿದಳು. ಮರುದಿನವೇ, ಸನವಳ್ಳಿಗೆ ಗಂಡನ ಅಣ್ಣನ ಮನೆಗೆ ಹೋಗಿ ಇರುತ್ತೇನೆಂದು ಗಂಟು ಕಟ್ಟಿದಳು.

ಚನಬಸಪ್ಪ ಗಂಟು ಹೊತ್ತು ಹಳಿಯಾಳದ ಬಸ್‌ಸ್ಟ್ಯಾಂಡಿನವರೆಗೆ ಅವಳ ಹಿಂದೆ ಬಂದ. ಮುಂಡಗೋಡದ ಬಸ್ಸು ಬಂದು ನಿಂತಿತು. ಅವಳು ಹತ್ತುವ ಮೊದಲು ತಿರುಗಿದಳು.

“ನೀ ನಿದ್ದಿ ಮಾಡಿರಲಿಲ್ಲ ಅಂತ ಈಗ ಗೊತ್ತಾತು,” ಎಂದಳು. “ಆದ್ರ ಕರಕೊಂಡ ಬಂದಾಂವ ನೀ. ನಿನ್ನ ಕಬ್ಬಣ ಉಳವಪ್ಪನ ತಲಿ ಕಾಯ್ತು. ಊರವರ ತಲಿ ಎಲ್ಲಾ ಕಾಯ್ಲಿ. ಅದಕ್ಕ ನಾ ಮರ್ತೇನಿ ಅಂತ ತಿಳ್ಕೋಬ್ಯಾಡ.”

“ತಿಳ್ಕೊಳ್ಳೂದಿಲ್ಲ,” ಎಂದ ಚನಬಸಪ್ಪ.

ಅವಳು ಕೈ ಚಾಚಿ ಗಂಟನ್ನು ತೆಗೆದುಕೊಂಡಳು. ಬಸ್ಸಿನೊಳಗೆ ಹೋಗಿ ಆ ಕಡೆಯ ಕಿಡಕಿಗೆ ಕೂತಳು, ಅವನಿಗೆ ಬೆನ್ನು ಮಾತ್ರ ಕಾಣುವಂತೆ. ಬಸ್ಸು ಹೊರಟಿತು. ಅವನು ಅದರ ಮಾಡನ್ನು ನೋಡುತ್ತ ನಿಂತ. ಮೇಲೆ ಹೇರಿದ ಚೀಲ, ಬುಟ್ಟಿ, ಒಂದು ಸೈಕಲ್ಲು. ಕೆಳಗೆ ತೆಳು ತಗಡು. ಬೈಗುಳ ಬಾಯಿಗೆ ಬಂತು. ನುಂಗಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಬೆಸುಗೆ ಅಂಗಡಿಗೆ ಹೋಗಿ, ಮಲಗಿದ್ದ ದಾವಲಸಾಬನನ್ನು ಎಬ್ಬಿಸಿ, ಒಂದು ಬಸ್ಸಿಗೆ ಎಷ್ಟು ಕಮಾನು ಬೇಕಾದಾವು ಎಂದು ಕೇಳಿದ.