ಸುತ್ತಾಡುವವಳ ಅರ್ಜಿ

ಸಾಲ್ತೊ ಊರಿನಲ್ಲಿ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನೋಟರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದವಳು ನಾನು. ಪಿಂಚಣಿಯಿರಲಿ, ಸ್ಕೂಲಿನ ಸೀಟಿರಲಿ, ‘ಸುಲ್ಮಾ ಹತ್ರ ಹೋಗು’ ಅನ್ನುವುದು ಬೀದಿಯ ವಾಡಿಕೆ. ಹೀಗಾಗಿ ನನ್ನ ಅಕ್ಕನ ಮಗಳು ಮಾಹೆಲಾ ನ್ಯೂಜಿಲೆಂಡಿಗೆ ರಜೆ-ಕೆಲಸದ ವೀಸಾ ಹಾಕುತ್ತೇನೆ ಎಂದಾಗ ಕನ್ನಡಕ ಏರಿಸಿ ನಿಯಮಗಳ ಮುಂದೆ ಕೂತೆ.

ಓದಿದಷ್ಟೂ ಕುತೂಹಲ ಹೆಚ್ಚಿತು. ಒಂದು ವರ್ಷ ಇರಬಹುದು, ದುಡಿಯಲೂಬಹುದು, ಆದರೆ ಖಾಯಂ ನೌಕರಿ ಹಿಡಿಯುವಂತಿಲ್ಲ. ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಅರ್ಜಿ ಹಾಕುವ ದಿನ ಮೂವತ್ತಾರು ತುಂಬಿರಬಾರದು. ನಮ್ಮ ದೇಶದವರಿಗೆ ವರ್ಷಕ್ಕೆ ಇಷ್ಟೇ ಜಾಗ, ತುಂಬಿತೋ ಬಾಗಿಲು ಮುಚ್ಚಿತು. ಮಾಹೆಲಾಗೆ ಮೂವತ್ತಾರು ತುಂಬಲು ಮೂರು ವಾರವಷ್ಟೇ ಉಳಿದಿತ್ತು. ಈ ಸಲ ತಪ್ಪಿದರೆ ಮತ್ತೆಂದೂ ಇಲ್ಲ.

“ಊರು ಸುತ್ತೋಕೆ ಬಾ, ಖರ್ಚಿಗೆ ಸಾಲದಿದ್ರೆ ಅಲ್ಲೇ ಒಂದಿಷ್ಟು ದುಡ್ಕೋ ಅಂತ ಯಾವ ಸರ್ಕಾರ ಕರೆಯುತ್ತೆ ಹೇಳು?” ಎಂದೆ. “ಇದರಲ್ಲೇನೋ ಮರ್ಮ ಇದೆ.”

“ನೋಟರಿ ಹತ್ರ ಇದ್ದು ಇದ್ದು ನಿಂಗೆ ಎಲ್ಲದರಲ್ಲೂ ಮರ್ಮಾನೇ ಕಾಣುತ್ತೆ, ಚಿಕ್ಕಮ್ಮ,” ಎಂದು ಅವಳು ‘ಮಾತೆ’ ಎಲೆಯ ಚಹಾ ಸುರಿದುಕೊಟ್ಟಳು.

ದಾಯ್ಮಾನ್ ಬಿಸಿನೀರಿನ ಬುಗ್ಗೆಗಳ ಹತ್ತಿರದ ಹೋಟೆಲಿನಲ್ಲಿ ಅವಳು ಹದಿನಾರು ವರ್ಷದಿಂದ ಟವೆಲ್ ಒಗೆಯುತ್ತಾಳೆ. ರಜೆಗೆ ಬಂದವರ ಟವೆಲ್ಲು. ಅವಳು ರಜೆಗೆಂದು ಎಲ್ಲಿಗಾದರೂ ಹೋದದ್ದು ನನಗೆ ನೆನಪಿಲ್ಲ.

‘ನಮ್ಮ ದೇಶದಲ್ಲಿ ಏನು ಮಾಡಬೇಕೆಂದಿದ್ದೀರಿ?’ ಎಂಬ ಪ್ರಶ್ನೆಗೆ ಉತ್ತರ ನಾನೇ ಬರೆದೆ. ನಮ್ಮಲ್ಲಿ ಅರ್ಜಿ ಅಂದರೆ ಒಂದು ಪದ್ಧತಿಯಿದೆ. ಕೇಳುವವನು ಮೈಗಳ್ಳನಲ್ಲ ಎಂದು ಮೊದಲ ಸಾಲಿನಲ್ಲೇ ತೋರಿಸಬೇಕು. ‘ದಿನಕ್ಕೆ ಹನ್ನೆರಡು ಗಂಟೆ ದುಡಿಯಬಲ್ಲೆ. ವರ್ಷವಿಡೀ ಒಂದು ದಿನವೂ ಸುಮ್ಮನೆ ಕೂರುವುದಿಲ್ಲ’ ಎಂದು ಬರೆದು, ಎರಡು ಸಲ ಓದಿ, ನನ್ನ ಬರಹಕ್ಕೆ ನಾನೇ ತಲೆದೂಗಿದೆ. ಅರ್ಜಿಯ ಬಾಗಿಲು ತೆರೆದ ಸಂಜೆ ಮಾಹೆಲಾಗೆ ಜಾಗವೂ ಸಿಕ್ಕಿತು. ಅಕ್ಕಪಕ್ಕದವರೆಲ್ಲ ಬಂದು ಅಪ್ಪಿಕೊಂಡರು.

ಒಂದು ತಿಂಗಳಿಗೆ ಅಲ್ಲಿನ ಅಧಿಕಾರಿಯ ಪತ್ರ ಬಂತು. ಈ ವೀಸಾ ಮುಖ್ಯವಾಗಿ ಸುತ್ತಾಡಲು ಬರುವವರಿಗೆ, ದುಡಿಮೆ ಬರೀ ನಡುನಡುವೆ. ನೀವು ದುಡಿಯಲೆಂದೇ ಬರುವಂತಿದೆ. ಏನು ನೋಡಲು ಬರುತ್ತಿದ್ದೀರಿ, ಒಂದು ವಾರದೊಳಗೆ ತಿಳಿಸಿ.

ಅವಳಿಗೆ ಆಗಲೇ ಮೂವತ್ತಾರು ತುಂಬಿತ್ತು. ತಿರಸ್ಕಾರವಾದರೆ ಇನ್ನೊಂದು ಅರ್ಜಿಯಿಲ್ಲ. ನಿಯಮದ ಮೊದಲ ಸಾಲಿನಲ್ಲೇ ಇದ್ದದ್ದನ್ನು ಓದಿಯೂ ನಾನು ನಂಬಿರಲಿಲ್ಲ.

“ತಪ್ಪು ನಂದೇ ಕಣೇ,” ಎಂದೆ. ಹಾಗೆ ಹೇಳಿ ನನಗೆ ಅಭ್ಯಾಸವಿಲ್ಲ. “ಈಗ ಹೇಳು, ಏನು ನೋಡ್ಬೇಕು ನಿಂಗೆ?”

ಅವಳು ನೆಲ ನೋಡಿದಳು. “ಗೊತ್ತಿಲ್ಲ. ಯಾರೂ ಕೇಳಿರ್ಲಿಲ್ಲ.”

“ಅಲ್ಲೂ ಬಿಸಿನೀರಿನ ಬುಗ್ಗೆ ಇದೆಯಂತೆ. ಬರೀಲಾ?”

“ಅಯ್ಯೋ, ಅದೊಂದು ಬೇಡ ಮಾರಾಯ್ತಿ!”

ಇಬ್ಬರೂ ನಕ್ಕೆವು. ನಾನು ಬೆರಳನ್ನು ಕೀಲಿಗಳ ಮೇಲಿಟ್ಟು ಕಾದೆ.

“ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹಡಗಿದೆಯಂತೆ. ಅದ್ರಲ್ಲಿ ಹೊರಗೆ ನಿಂತು ಹೋಗ್ಬೇಕು. ಗುಹೆಯೊಳಗೆ ಹೊಳೆಯೋ ಹುಳು ಇದೆಯಂತೆ, ಅದನ್ನ ನೋಡ್ಬೇಕು. ಆಮೇಲೆ...” ಅವಳ ಮುಖ ಕೆಂಪಾಯಿತು. “ಬಸ್ಸಲ್ಲಿ ಹೋಗ್ತಾ ಯಾವುದೋ ಊರು ಚೆಂದ ಕಂಡ್ರೆ ಅಲ್ಲೇ ಇಳಿದುಬಿಡ್ಬೇಕು. ಯಾಕೆ ಇಳಿದೆ ಅಂತ ಯಾರೂ ಕೇಳ್ಬಾರ್ದು. ಇದನ್ನ ಬರೀಬೇಡ, ನಗ್ತಾರೆ.”

ನಾನು ಅದನ್ನೇ ಬರೆದೆ, ಅವಳು ಹೇಳಿದ ಹಾಗೆಯೇ. ಕೊನೆಗೆ ‘ನಾನು ಶ್ರಮಜೀವಿ’ ಎಂದು ಬೆರಳು ತಾನಾಗಿ ಹೊಡೆಯಿತು. ಅಳಿಸಿದೆ.

ಉತ್ತರ ಕಳಿಸಿದ ಹನ್ನೊಂದನೆಯ ದಿನ ವೀಸಾ ಬಂತು. ಮಾಹೆಲಾ ಮೊದಲು ಕಿರುಚಿದಳು, ಆಮೇಲೆ ಅತ್ತಳು. ನಾನೂ ಅತ್ತೆ. ಕಣ್ಣೊರೆಸಿಕೊಂಡು ಅವಳು ನನ್ನನ್ನೇ ನೋಡುತ್ತ ಕೂತಳು.

“ನೀನಾಗಿದ್ರೆ ಏನಂತ ಬರೀತಿದ್ದೆ, ಚಿಕ್ಕಮ್ಮ?”

ಬಾಯಿ ತೆರೆದೆ. ಒಂದು ಊರು, ಒಂದು ಬೆಟ್ಟ, ಯಾವುದೂ ಬಾಯಿಗೆ ಬರಲಿಲ್ಲ. ಅರವತ್ತೆರಡು ವರ್ಷ ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು. ಸುಳ್ಳೇಕೆ, ಹೊಟ್ಟೆಕಿಚ್ಚೂ ಆಯಿತು.

“ವಯಸ್ಸು ಮೀರಿದವರನ್ನ ಆ ಪ್ರಶ್ನೆ ಕೇಳೋ ಹಾಗಿಲ್ಲ, ನಿಯಮ ಓದು,” ಎಂದು ಗದರಿದೆ.

“ಅಂಥ ನಿಯಮ ಎಲ್ಲೂ ಇಲ್ಲ,” ಎಂದಳು ಮಾಹೆಲಾ.