ಬೀದಿಯಾಚೆಯ ಸೊನ್ನೆ

ದುಡ್ಡು ಸೋದರಮಾವನದು, ಹಾಗಾಗಿ ಅಭಿಪ್ರಾಯವೂ ಅವನದೇ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದ್ದ.

"ಇಡೀ ಜನ್ಮ ಹಡಗಿನ ಎಂಜಿನ್ ರೂಮಲ್ಲಿ ಕಳೆದವನು ನಾನು. ಯಂತ್ರದ ವಿಷ್ಯ ನನಗೆ ಹೇಳಿಕೊಡ್ಬೇಡ."

"ಆ ರೂಮಿಗೆ ಕಿಟಕಿ ಇತ್ತಾ ಮಾವ?"

"ಇರ್ಲಿಲ್ಲ."

"ನಾನು ಕೊಳ್ಳೋದು ಕಿಟಕಿಯಾಚೆ ನೋಡೋ ಯಂತ್ರ."

ತಲೆಗೊಂದು ಮೊಟಕಿದ.

ಮರುದಿನ ಬೆಳಿಗ್ಗೆ ನಾನು ಹಾಯಿಹಡಗೊಂದನ್ನು ಸೇರಬೇಕಿತ್ತು. ಮೊದಲ ಕೆಲಸ. ಅದರ ಕ್ಯಾಪ್ಟನ್ ಸಾಗರ ದಾಟುವಾಗ ಉಪಗ್ರಹ ಕೇಳಿ ದಾರಿ ತೋರಿಸುವ ಪೆಟ್ಟಿಗೆಗೆ ಬಟ್ಟೆ ಹೊದಿಸಿಬಿಡುವ ಹೆಂಗಸು. ದಾರಿ ಹುಡುಕುವುದು ಸೂರ್ಯನಿಂದ, ನಕ್ಷತ್ರಗಳಿಂದ. ಅವು ದಿಗಂತಕ್ಕಿಂತ ಎಷ್ಟು ಮೇಲಿವೆ ಎಂದು ಅಳೆಯಲು ಪ್ರತಿ ಅಧಿಕಾರಿಯೂ ಸ್ವಂತ ಸೆಕ್ಸ್ಟಂಟ್ ತರಬೇಕು. ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಒಳ್ಳೇದು ತಂದ್ರೆ ನಕ್ಷೆ ಕೋಣೆ. ಕೆಟ್ಟದ್ದು ತಂದ್ರೆ ಉಗ್ರಾಣ. ಈರುಳ್ಳಿ ಆರಿಸ್ತಾ ಕೂತ್ಕೋ."

ಅಂಗಡಿಯ ತುಂಬ ಹಳೆಯ ಹಡಗುಗಳ ಸಾಮಾನು. ಸೆಕ್ಸ್ಟಂಟ್‌ಗಳು ಎರಡೇ ಇದ್ದವು. ಒಂದು ಹಿತ್ತಾಳೆಯದು, ಮದುವಣಗಿತ್ತಿಯ ಹಾಗೆ ಫಳಫಳ. ಇನ್ನೊಂದು ಕಪ್ಪು, ಅಲ್ಲಲ್ಲಿ ಬಣ್ಣ ಎದ್ದಿತ್ತು, ಹಿಡಿಗೆ ಯಾರೋ ಟೇಪು ಸುತ್ತಿದ್ದರು. ಕಾಲೇಜಿನಲ್ಲಿ ಇದ್ದದ್ದು ಪ್ಲಾಸ್ಟಿಕ್ಕಿನದು, ಅದಕ್ಕೂ ಸರದಿ.

ಬಾಗಿಲಲ್ಲಿ ನಿಂತು ಎದುರು ಕಟ್ಟಡದ ಮೇಲಿನ ನೀರಿನ ಟ್ಯಾಂಕಿನತ್ತ ಹಿಡಿದೆ. ಒಳಗೆ ಎರಡು ಟ್ಯಾಂಕು ಕಾಣುತ್ತವೆ: ನೇರ ಕಂಡದ್ದೊಂದು, ಕನ್ನಡಿಯಿಂದ ಬಂದದ್ದೊಂದು. ಎರಡೂ ಒಂದಾದಾಗ ಅಳತೆ ಸೊನ್ನೆ ತೋರಿಸಬೇಕು. ಹಿತ್ತಾಳೆಯದು ಸೊನ್ನೆ ತೋರಿಸಿತು. ಕಪ್ಪಿನದು ಏಳು ನಿಮಿಷ ತಪ್ಪು; ಗಡಿಯಾರದ ನಿಮಿಷವಲ್ಲ, ಕೋನದ್ದು, ಡಿಗ್ರಿಯ ಅರವತ್ತನೇ ಒಂದು ಪಾಲು. ಒಂದು ನಿಮಿಷ ತಪ್ಪಿದರೆ ಸಮುದ್ರದಲ್ಲಿ ಒಂದು ಮೈಲಿ ತಪ್ಪಿದಂತೆ.

"ಆಯ್ತಲ್ಲ! ಕಟ್ಟಿಕೊಡಿ ಆ ಹಿತ್ತಾಳೇದನ್ನ," ಎಂದ ಮಾವ.

ಅಂಗಡಿಯವನ ಮುಖ ಊರಗಲ ಆಯಿತು. "ಸೊನ್ನೆ ಬರದೆ ಏನು ಸರ್? ವಾರಕ್ಕೊಂದ್ಸಲ ಇದೇ ಬಾಗಿಲಲ್ಲಿ ನಿಂತು ಅದೇ ಟ್ಯಾಂಕ್ ನೋಡ್ಕೊಂಡು ನಾನೇ ಸರಿಮಾಡ್ತೀನಿ."

ನನ್ನ ಕಿವಿ ನೆಟ್ಟಗಾಯಿತು.

"ಕಪ್ಪಿನದನ್ನೂ ಸರಿಮಾಡಿದ್ರಾ?"

"ಅದು ಮೊನ್ನೆ ಬಂದದ್ದು. ಕೈ ಹಚ್ಚಿಲ್ಲ."

"ಎರಡನ್ನೂ ಎತ್ಕೊಳ್ಳಿ. ಕಡಲ ದಂಡೆಗೆ ಹೋಗೋಣ."

"ಅಂಗಡಿ ಯಾರು ನೋಡ್ಕೋತಾರಮ್ಮ?"

"ಲಂಗರು ಯಾರೂ ಜೇಬಿಗೆ ಹಾಕ್ಕೊಂಡು ಹೋಗಲ್ಲ. ಬನ್ನಿ."

ಬೀಗ ಹಾಕಿ ಬಂದ. ಸೆಕ್ಸ್ಟಂಟ್ ಪೆಟ್ಟಿಗೆಗಳನ್ನು ತಬ್ಬಿಕೊಂಡು ಇಬ್ಬರೂ ಹಿಂದೆ ಏದುಸಿರು ಬಿಡುತ್ತಿದ್ದರೆ ನಾನು ಹೆಚ್ಚುಕಡಿಮೆ ಓಡುತ್ತಿದ್ದೆ. ದಾರಿಯಲ್ಲೇ ಕೂಗಿ ಹೇಳಿದೆ: "ಕನ್ನಡಿ ಇರೋದು ದುರ್ಬೀನಿಗಿಂತ ಸ್ವಲ್ಪ ಮೇಲೆ, ಮಾವ! ಬೀದಿಯಾಚೆಯ ಟ್ಯಾಂಕು ಹತ್ರ ಇದೆ, ಆ ಅಂತರ ತಪ್ಪಾಗಿ ಕಾಣತ್ತೆ. ದಿಗಂತ ದೂರ, ಅಲ್ಲಿ ಕಾಣಲ್ಲ. ಬೀದಿಗೆ ಸೊನ್ನೆ ಮಾಡಿದ್ದು ಸಮುದ್ರಕ್ಕೆ ಸುಳ್ಳು!"

"ಮೊದಲು ನಿಧಾನ ನಡಿ ಮಾರಾಯ್ತಿ!"

ಕಲ್ಲುಗಳ ಮೇಲೆ ಹತ್ತಿ ನಿಂತೆ. ದಿಗಂತ ಗೆರೆ ಎಳೆದಷ್ಟು ಸ್ಪಷ್ಟ. ಮೊದಲು ಹಿತ್ತಾಳೆ: ಏಳು ನಿಮಿಷ ತಪ್ಪು. ಆಮೇಲೆ ಕಪ್ಪು. ಎರಡು ಗೆರೆ ಹತ್ತಿರ ಬಂದವು, ಸೇರಿದವು. ಉಸಿರು ಕಟ್ಟಿ ಅಳತೆ ನೋಡಿದೆ. ಸೊನ್ನೆ.

"ಸೊನ್ನೆ!" ಎಂದು ಕಿರುಚಿದೆ. ಮೀನು ಹಿಡಿಯುತ್ತಿದ್ದವರೊಬ್ಬರು ತಿರುಗಿ ನೋಡಿ ಬೈದರು.

ಮಾವ ಸೋಲುವ ಪೈಕಿಯಲ್ಲ. "ಅದಕ್ಕೇನೀಗ? ಹಿತ್ತಾಳೇದರ ಕನ್ನಡಿ ಸ್ಕ್ರೂ ತಿರುಗಿಸಿದ್ರೆ ಇಲ್ಲೂ ಸೊನ್ನೆ ಬರತ್ತೆ."

ಮಾತು ಸರಿಯೇ. ಅಷ್ಟಕ್ಕೇ ಒಂದನ್ನು ತಳ್ಳಿಹಾಕುವುದು ದಡ್ಡತನ. ಇನ್ನೊಂದು ಪರೀಕ್ಷೆ ಉಳಿದಿತ್ತು. ಹಿತ್ತಾಳೆಯದರ ಅಳತೆಯ ತಿರುಪನ್ನು ಬಲಕ್ಕೆ ತಿರುಗಿಸುತ್ತ ಗೆರೆ ಕೂಡಿಸಿ ಓದಿದೆ. ಎಡಕ್ಕೆ ತಿರುಗಿಸುತ್ತ ಕೂಡಿಸಿ ಮತ್ತೆ ಓದಿದೆ. ಮೂರು ನಿಮಿಷ ವ್ಯತ್ಯಾಸ. ಮತ್ತೆ ಮಾಡಿದೆ, ಅಷ್ಟೇ. ಕಪ್ಪಿನದು ಎರಡೂ ಕಡೆಯಿಂದ ಒಂದೇ ಮಾತು ಹೇಳಿತು.

"ಕೊಡಿಲ್ಲಿ." ಮಾವ ಹಿತ್ತಾಳೆಯದನ್ನು ಕಸಿದು, ಕಣ್ಣುಮುಚ್ಚಿ, ಬೆರಳ ತುದಿಯಲ್ಲಿ ತಿರುಪನ್ನು ಅತ್ತಿತ್ತ ಆಡಿಸಿದ. ಮುಖವೇ ಬದಲಾಯಿತು. "ಥೂ! ಒಳಗೆ ಹಲ್ಲು ಸವೆದಿದೆ ಕಣೇ. ಇದಕ್ಕೆ ಸ್ಕ್ರೂ ಅಲ್ಲ, ಶ್ರಾದ್ಧ ಮಾಡ್ಬೇಕು."

"ಉಜ್ಜಿ ಉಜ್ಜಿ ನನ್ನ ಕೈ ಸವೀತಲ್ಲ ಸರ್," ಎಂದ ಅಂಗಡಿಯವನು.

"ಯಾರಾದ್ರೂ ಗೋಡೆಗೆ ತೂಗುಹಾಕೋರಿಗೆ ಮಾರಿ. ಕಪ್ಪಿನದು ನಮಗೆ," ಎಂದ ಮಾವ.

ಕಪ್ಪಿನದರ ಗಾಢ ಗಾಜುಗಳನ್ನು ಅಡ್ಡ ಹಾಕಿ ಸೂರ್ಯನನ್ನು ಹಿಡಿದೆ. ತಿರುಪು ತಿರುಗಿಸಿದಂತೆ ಕನ್ನಡಿಯೊಳಗೆ ಅದು ಹಸಿರು ಬಿಲ್ಲೆಯಾಗಿ ಮೆಲ್ಲಗೆ ಇಳಿಯುತ್ತ ಬಂದು ನೀರಿನ ಗೆರೆಗೆ ತಾಗಿ ನಿಂತಿತು. ನಾನಿಳಿಸಿದ ಸೂರ್ಯ! ಮಾವ ಪಕ್ಕದಲ್ಲಿ ಮಗುವಿನ ಹಾಗೆ, "ನನಗೂ ತೋರ್ಸೇ, ಒಂದೇ ಸಲ," ಎಂದು ಜಗ್ಗುತ್ತಿದ್ದ. ಕೊಟ್ಟೆ. ಆಮೇಲೆ ಅವನು ವಾಪಸು ಕೊಡಲಿಲ್ಲ.

ಕ್ಯಾಪ್ಟನ್‌ಗೆ ಫೋನು ಹಚ್ಚಿ ಸೆಕ್ಸ್ಟಂಟ್ ಸಿಕ್ಕಿತು ಎಂದೆ. ತಯಾರಕರು ಯಾರು, ಎಷ್ಟು ಹಳತು, ಏನೂ ಕೇಳಲಿಲ್ಲ.

"ಎಲ್ಲಿ ನಿಂತು ನೋಡ್ದೆ?"

"ದಂಡೆ ಮೇಲೆ. ದಿಗಂತ ಹಿಡಿದು."

"ಎರಡೂ ಕಡೆಯಿಂದ?"

"ಎರಡೂ ಕಡೆಯಿಂದ."

"ಬಾ," ಎಂದಳು. "ನಕ್ಷೆ ಕೋಣೇಲಿ ಚಳಿ ಜಾಸ್ತಿ, ಸ್ವೆಟರ್ ತಗೊಂಡು ಬಾ."